ಬೀಗ ತೆಗೆದು ಗುರುತು ಹಾಕಿದೆ

ಕ್ಲಾಸಿನ ವಿಡಿಯೊಗೆ ಬೀಗ ಬೇಡ, ಸೋರಿಸಿದವರು ಯಾರೆಂದು ಹೇಳುವ ಗುರುತು ಒಳಗೇ ಇಡೋಣ ಅಂದಾಗ, ‘ಇದೆಲ್ಲಾ ಆಗೂದಲ್ಲ ಬಿಡ್ರಿ ಸರ್’ ಅಂದಿದ್ದ ನಮ್ಮ ಎಡಿಟರ್. ಈಗ ಅವನೇ ಬೇರೆ ಕೋಚಿಂಗ್‌ನವರಿಗೆ ಇದನ್ನು ಹೇಳಿಕೊಡುತ್ತಿದ್ದಾನೆ.

ಧಾರವಾಡದ ನಮ್ಮ ಎಫ್‌ಡಿಎ ಪರೀಕ್ಷೆಯ ಆನ್‌ಲೈನ್ ಕ್ಲಾಸುಗಳಿಗೆ ಮೊದಲು ಎಲ್ಲರಂತೆ ಡಿಆರ್‌ಎಂ, ಅಂದರೆ ವಿಡಿಯೊ ಕಾಪಿ ಆಗದಂತೆ ತಡೆಯುವ ಡಿಜಿಟಲ್ ಬೀಗ, ಹಾಕಿದ್ದೆ. ಆಂಡ್ರಾಯ್ಡ್‌ಗೆ ವೈಡ್‌ವೈನ್, ಐಫೋನ್‌ಗೆ ಫೇರ್‌ಪ್ಲೇ. ಆ ಬೀಗಕ್ಕೆ ಕೀಲಿ ಕೊಡುವ ಲೈಸೆನ್ಸ್ ಸರ್ವರ್ ಬಾಡಿಗೆ ತಿಂಗಳಿಗೆ 15 ಸಾವಿರದ ಹತ್ತಿರ, ಎಂಟು ತಿಂಗಳು ಕಟ್ಟಿದೆ. ಸ್ಕ್ರೀನ್ ರೆಕಾರ್ಡ್ ಮಾಡಿದರೆ ಕಪ್ಪಗೆ ಬರುತ್ತಿತ್ತು, ಖುಷಿಪಟ್ಟೆ. ಮೂರನೇ ವಾರಕ್ಕೆ ಇಡೀ ಇತಿಹಾಸದ ಕೋರ್ಸು ಹೊರಗೆ 50 ರೂಪಾಯಿಗೆ ಸಿಗುತ್ತಿತ್ತು! ಯಾರೋ ಲ್ಯಾಪ್‌ಟಾಪ್ ಎದುರು ಫೋನ್ ನಿಲ್ಲಿಸಿ ಶೂಟ್ ಮಾಡಿದ್ದರು. ನನ್ನ ದನಿಯ ಹಿಂದೆ ಫ್ಯಾನ್ ಕಟಕಟ ಅನ್ನುತ್ತಿತ್ತು. ನಡುವೆ ಅವರವ್ವ ‘ಚಾ ಆಗೇತಿ, ಬಾರೋ’ ಅಂತ ಕೂಗಿದ್ದೂ ಇತ್ತು. ಇತ್ತ ದುಡ್ಡು ಕೊಟ್ಟವರ ಹಳೇ ಫೋನಲ್ಲಿ ವಿಡಿಯೊ ಓಡಲೇ ಇಲ್ಲ. ಸುಮಾರು 40 ಜನಕ್ಕೆ ಫೀ ವಾಪಸ್ ಕೊಟ್ಟೆ.

ಆಮೇಲೆ ಪರದೆ ಮೇಲೆ ವಿದ್ಯಾರ್ಥಿಯ ಫೋನ್ ನಂಬರ್ ಓಡಾಡಿಸಿದೆ. ಕಳ್ಳರು ಅದನ್ನು ಮಸುಕು ಮಾಡಿದರು. ಹುಡುಗಿಯರು, ‘ಲೈಬ್ರರಿಯಲ್ಲಿ ಎಲ್ಲರಿಗೂ ನಂಬರ್ ಕಾಣುತ್ತೆ ಸರ್’ ಅಂದರು. ಅವರು ಹೇಳಿದ್ದು ಸರಿಯೇ ಅಲ್ವಾ, ತೆಗೆದೆ.

ಈಗ ಪ್ರತಿ ಕ್ಲಾಸನ್ನೂ ಎರಡು ಸಲ ಎನ್‌ಕೋಡ್ ಮಾಡಿ ಚೂರೇ ಬೇರೆಯಾದ ಎರಡು ವಿಡಿಯೊ ಫೈಲ್ ಮಾಡುತ್ತೇನೆ, ಎ ಮತ್ತು ಬಿ. ಕಣ್ಣಿಗೆ ಎರಡೂ ಒಂದೇ. 10 ಸೆಕೆಂಡಿನ ತುಂಡುಗಳು. ಯಾವ ತುಂಡು ಯಾವ ಫೈಲಿನಿಂದ ಓಡಬೇಕು ಅನ್ನುವ ಪ್ಲೇಲಿಸ್ಟ್‌ನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸಾಲು: ಎ ಬಿ ಬಿ ಎ, ಹೀಗೆ. ಸೋರಿದ ವಿಡಿಯೊದಲ್ಲಿ ಆ ಸಾಲು ಓದಿದರೆ ಯಾರ ಅಕೌಂಟಿನದು ಅಂತ ಗೊತ್ತಾಗುತ್ತೆ. 12 ತುಂಡಿಗೆ 4,096 ಬಗೆಯ ಸಾಲು. ನಮ್ಮಲ್ಲಿರುವುದು ಮೂರು ಸಾವಿರ ಚಿಲ್ಲರೆ ಜನ. 40 ನಿಮಿಷದಲ್ಲಿ 240 ತುಂಡು, ಅಂದರೆ ಅದೇ ಗುರುತು 20 ಸಲ. ಅರ್ಧ ಕತ್ತರಿಸಿದರೂ ಓದಬಹುದು. ಸ್ಟೋರೇಜ್ ಡಬಲ್ ಆಯಿತು, ಆದರೂ ತಿಂಗಳ ಖರ್ಚು ಎರಡೂವರೆ ಸಾವಿರ ದಾಟಿಲ್ಲ. ಲೈಸೆನ್ಸ್ ಸರ್ವರ್ ಬಿಟ್ಟೇಬಿಟ್ಟೆ.

ಮೊದಲ ಸಲ ಎ-ಬಿ ನಡುವೆ ಬೆಳಕನ್ನು ಚೂರು ಹೆಚ್ಚುಕಮ್ಮಿ ಮಾಡಿದ್ದೆ. ಶೂಟ್ ಮಾಡುವ ಫೋನು ತಾನೇ ಬೆಳಕು ಸರಿಮಾಡಿಕೊಂಡು ಎಲ್ಲಾ ಅಳಿಸಿತು. ಈಗ ಏನನ್ನು ಬದಲಿಸುತ್ತೇನೆ ಅನ್ನುವುದು ನನ್ನಲ್ಲೇ ಇರಲಿ. ದನಿಯಲ್ಲೂ ಗುರುತು ಹಾಕಿ ನೋಡಿದೆ, ಫ್ಯಾನ್ ಸದ್ದು ಅದನ್ನು ನುಂಗಿತು.

ಕಾಪಿರೈಟ್ ಕಾಯ್ದೆಗೆ 2012ರ ತಿದ್ದುಪಡಿಯಲ್ಲಿ ಬಂದ 65ಎ ಸೆಕ್ಷನ್ ಪ್ರಕಾರ ಕಾಪಿರೈಟ್ ಮುರಿಯಲೆಂದೇ ಇಂಥ ಬೀಗ ಒಡೆದವರಿಗೆ ಎರಡು ವರ್ಷದವರೆಗೆ ಜೈಲು. ಒಡೆದದ್ದು ಯಾರು ಅಂತ ಗೊತ್ತಾಗಬೇಕಲ್ಲ! ಆಪಲ್‌ನವರು 2009ರಲ್ಲೇ ಐಟ್ಯೂನ್ಸ್ ಹಾಡುಗಳ ಬೀಗ ತೆಗೆದರು. ನಮ್ಮಂಥ ಸಣ್ಣವರ ವಿಡಿಯೊನೂ ಅದೇ ದಾರಿ ಹಿಡಿಯುತ್ತೆ ಅಂತ ನನ್ನ ಲೆಕ್ಕ.

ಮೊನ್ನೆ ಸೋರಿದ ವಿಡಿಯೊ ಯಾರದು ಅಂತ ಇಪ್ಪತ್ತೇ ನಿಮಿಷದಲ್ಲಿ ಗೊತ್ತಾಯಿತು. ಫೋನ್ ಮಾಡಿದೆ. ಹುಡುಗ ಸ್ವಲ್ಪ ಹೊತ್ತು ಸುಮ್ನಿದ್ದು, ‘ಸಾರಿ ಸರ್, ರೂಮ್‌ಮೇಟ್ ಕೇಳಿದ್ದ’ ಅಂದ.

ಆಮೇಲೆ ನಾನೇ ಎರಡು ಅಕೌಂಟಿನ ವಿಡಿಯೊ ಬೆರೆಸಿ ನೋಡಿದೆ. ಬೆರಕೆ ಸಾಲು ಬೇರೊಬ್ಬನ ಸಾಲಿಗೆ ಹೊಂದಿ, ಏನೂ ಮಾಡದ ಮೂರನೆಯವನ ಹೆಸರು ಬಂತು. ಎದೆ ಧಸಕ್ಕೆಂದಿತು. ಈಗ ಕ್ಲಾಸಿನಿಂದ ಕ್ಲಾಸಿಗೆ ಎಲ್ಲರ ಸಾಲೂ ಬದಲಿಸುತ್ತೇನೆ. ಮೂರು ಕ್ಲಾಸಲ್ಲಿ ಅದೇ ಹೆಸರು ಬರುವವರೆಗೆ ಯಾರಿಗೂ ಫೋನ್ ಮಾಡುವುದಿಲ್ಲ.