ಹೀಟರ್ ತಣ್ಣಗೆ, ಇಂಜಿನ್ ಬಿಸಿ: ಬಳ್ಳಾರಿ–ರಾಯಚೂರು ಕಡೆಯಿಂದ ಕೆನಡಾದ ಎಡ್ಮಂಟನ್‌ಗೆ ಬಂದವರಿಗೆ

ನಮ್ಮ ಕಡೆಯಿಂದ ಬಂದು ಹಳೇ ಕಾರು ಕೊಂಡವರು ಮೊದಲ ಚಳಿಗಾಲದಲ್ಲಿ ಕೇಳುವ ಪ್ರಶ್ನೆ ಇದು: "ಅಣ್ಣಾ, ಹೊರಗ ಮೈನಸ್ 30 ಅದ, ಇಂಜಿನ್ ಹೆಂಗ ಕಾಯ್ತದ? ಹೀಟರ್‌ನಾಗ ನೋಡಿದ್ರ ತಣ್ಣನ್ ಗಾಳಿ!" ಬಹಳ ಸಲ ಎರಡಕ್ಕೂ ರೋಗ ಒಂದೇ. ಪೆಟ್ರೋಲ್ ಕಾರಿನ ಹೀಟರ್‌ಗೆ ಬೇರೆ ಒಲೆ ಇಲ್ಲ. ಇಂಜಿನ್ ತಂಪಿಡಲು ಸುತ್ತುವ ದ್ರವ, ಅಂದರೆ ಕೂಲಂಟ್, ಇಂಜಿನ್ನಿನಲ್ಲಿ ಕಾದು ಡ್ಯಾಶ್‌ಬೋರ್ಡ್ ಹಿಂದಿನ ಚಿಕ್ಕ ರೇಡಿಯೇಟರಿನಲ್ಲಿ ಹರಿಯುತ್ತದೆ, ಫ್ಯಾನು ಅದರ ಶಾಖವನ್ನು ಒಳಗೆ ಊದುತ್ತದೆ. ಕೂಲಂಟ್ ಕಡಿಮೆಯಾದರೆ ಇಂಜಿನ್ನಿನ ಬಿಸಿ ಹೊರಗೂ ಹೋಗದು, ನಿಮಗೂ ಸಿಗದು.

ಹಾಗಂತ ನೀರು ಸುರಿಯಬೇಡಿ. ಸಿಂಧನೂರು, ಸಿರುಗುಪ್ಪ ರಸ್ತೆಯಲ್ಲಿ ಬಾನೆಟ್ ಎತ್ತಿ, ಕ್ಯಾನಿನಿಂದ ಬೋರಿನ ನೀರು ಹಾಕಿ ಮುಂದೆ ಸಾಗುವುದು ನಮ್ಮಲ್ಲಿ ರೂಢಿ. 40 ದಾಟಿದ ಬಿಸಿಲಲ್ಲಿ ಹೇಗೋ ನಡೆಯುತ್ತದೆ. ಇಲ್ಲಿ ನೀರು ಹೆಪ್ಪುಗಟ್ಟಿ ಸುಮಾರು ಶೇ. 9ರಷ್ಟು ಹಿಗ್ಗಿ ಇಂಜಿನ್ ಬ್ಲಾಕನ್ನೇ ಸೀಳಬಲ್ಲದು. ಅಷ್ಟಾಗದಿದ್ದರೂ ರೇಡಿಯೇಟರಿನಲ್ಲಿ ಮಂಜುಗಡ್ಡೆ ಕಟ್ಟಿ ಹರಿವು ನಿಂತರೆ ಆ ಚಳಿಯಲ್ಲೇ ಇಂಜಿನ್ ಕುದಿಯುತ್ತದೆ. ಕೂಲಂಟ್ ಅಂದರೆ ಆಂಟಿಫ್ರೀಜ್ (ಹೆಪ್ಪುಗಟ್ಟದಂತೆ ತಡೆಯುವ ದ್ರವ), ನೀರು ಬೆರೆಸಿದ್ದು. ಎರಡೂ ಅರ್ಧಕ್ಕರ್ಧ ಇದ್ದರೆ ಸುಮಾರು ಮೈನಸ್ 37ರವರೆಗೆ ತಡೆಯುತ್ತದೆ. ಪೂರ್ತಿ ಆಂಟಿಫ್ರೀಜೇ ಹಾಕಿಬಿಡೋಣ ಅಂದರೆ ಅದೂ ಕೆಲಸಕ್ಕೆ ಬಾರದು. ಅದರ ಮುಖ್ಯ ಅಂಶವಾದ ಎಥಿಲೀನ್ ಗ್ಲೈಕಾಲ್ ಬರಿದೇ ಇದ್ದರೆ ಮೈನಸ್ 13ರ ಹತ್ತಿರವೇ ಗಟ್ಟಿಯಾಗುತ್ತದೆ. ಮೊದಲೇ ಬೆರೆಸಿದ ಡಬ್ಬಿ ಸಿಗುತ್ತದೆ, ಕಾರಿನ ಮ್ಯಾನ್ಯುಯಲ್‌ನಲ್ಲಿ ಹೇಳಿದ್ದನ್ನೇ ತನ್ನಿ. ಆಂಟಿಫ್ರೀಜ್ ರುಚಿಗೆ ಸಿಹಿ, ಆದರೆ ವಿಷ. ನೆಲಕ್ಕೆ ಚೆಲ್ಲಿದರೆ ನಾಯಿ ನೆಕ್ಕುವ ಮೊದಲೇ ಒರೆಸಿ.

ಇಂಜಿನ್ ಪೂರ್ತಿ ತಣ್ಣಗಿರುವಾಗ ಕೂಲಂಟ್ ಮಟ್ಟ ನೋಡಿ. ಸಿಗ್ನಲ್‌ನಲ್ಲಿ ನಿಂತಾಗ ತಣ್ಣನೆ ಗಾಳಿ, ಓಡುವಾಗ ಬಿಸಿ ಬಂದರೆ ಕೂಲಂಟ್ ಕಡಿಮೆಯಿದೆ, ಒಳಗೆ ಗಾಳಿ ಸಿಕ್ಕಿಕೊಂಡಿದೆ, ಇಲ್ಲವೇ ವಾಟರ್ ಪಂಪ್ ಸೋತಿದೆ. ಎಷ್ಟು ಓಡಿಸಿದರೂ ಇಂಜಿನ್ ಬಿಸಿ ತೋರಿಸುವ ಮುಳ್ಳು ಮೇಲೇಳದೆ ಹೀಟರ್ ಉಗುರುಬೆಚ್ಚಗಿದ್ದರೆ ಥರ್ಮೋಸ್ಟಾಟ್ (ರೇಡಿಯೇಟರಿಗೆ ಹೋಗುವ ಕೂಲಂಟನ್ನು ತಡೆದು ಬಿಡುವ ಕವಾಟ) ತೆರೆದೇ ಕೂತಿದೆ. ಇದು ಸಣ್ಣ ರಿಪೇರಿ, ಗಾಬರಿ ಬೇಡ. ಅದೇ ಥರ್ಮೋಸ್ಟಾಟ್ ಮುಚ್ಚಿಕೊಂಡು ಕೂತರೆ ಮುಳ್ಳು ಕೆಂಪಿಗೆ ಹೋಗುತ್ತದೆ.

ಇಂಜಿನ್ ಹಿಂಬದಿಯ ಗೋಡೆಯೊಳಗೆ ಎರಡು ರಬ್ಬರ್ ಪೈಪು ಹೋಗುತ್ತವೆ. ಗಾಡಿ ಕಾದ ಮೇಲೆ, ಫ್ಯಾನಿಗೆ, ಬೆಲ್ಟಿಗೆ ಕೈ ತಾಗದಂತೆ, ಅವನ್ನು ಮೆಲ್ಲಗೆ ಮುಟ್ಟಿ ನೋಡಿ. ಒಂದು ಸುಡುತ್ತ ಇನ್ನೊಂದು ತಣ್ಣಗಿದ್ದರೆ ಹೀಟರ್ ಕೋರ್, ಅಂದರೆ ಮೊದಲು ಹೇಳಿದ ಆ ಚಿಕ್ಕ ರೇಡಿಯೇಟರ್, ಕಟ್ಟಿಕೊಂಡಿದೆ. ನೀರು ಸುರಿದು ಸುರಿದು ತುಕ್ಕು, ಸುಣ್ಣ ಕೂತ ಗಾಡಿಯಲ್ಲಿ ಇದು ಮಾಮೂಲು. ಎರಡೂ ಬಿಸಿಯಿದ್ದು ಗಾಳಿ ಮಾತ್ರ ತಣ್ಣಗಿದ್ದರೆ ಡ್ಯಾಶ್‌ಬೋರ್ಡ್ ಒಳಗೆ ಬಿಸಿ, ತಣ್ಣನೆ ಗಾಳಿ ಬದಲಿಸುವ ಬಾಗಿಲು ತಿರುಗುತ್ತಿಲ್ಲ. ಗಾಜಿನ ಮೇಲೆ ಜಿಡ್ಡು ಮಬ್ಬು, ಸಿಹಿ ವಾಸನೆ ಬಂದರೆ ಕೋರ್ ಸೋರುತ್ತಿದೆ. ಸೈಲೆನ್ಸರಿನಿಂದ ಗಾಡಿ ಕಾದ ಮೇಲೂ ದಟ್ಟ ಬಿಳಿ ಹೊಗೆ, ದಿನೇ ದಿನೇ ಕೂಲಂಟ್ ಇಳಿಯುವುದು ಕಂಡರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕ್ ಮತ್ತು ಅದರ ಮೇಲ್ಭಾಗದ ನಡುವಿನ ಸೀಲು) ಒಡೆದಿರುವ ಅನುಮಾನ. ಓಡಿಸದೆ ಟೋ ಮಾಡಿಸಿ.

ದಾರಿಯಲ್ಲಿ ಮುಳ್ಳು ಏರಿದರೆ ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಸುರಕ್ಷಿತ ಜಾಗ ಸಿಕ್ಕಕೂಡಲೇ ನಿಲ್ಲಿಸಿ, ಇಂಜಿನ್ ಆರಿಸಿ. ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳ ತೆಗೆದರೆ ಕುದಿಯುವ ಕೂಲಂಟ್ ಮುಖಕ್ಕೇ ಚಿಮ್ಮುತ್ತದೆ. ಆರಿಸಿದ ಮೇಲೆ ಕಾರಿನೊಳಗೂ ಚಳಿ ಇಳಿಯುತ್ತದೆ, ಟೋ ಗಾಡಿ ಬರುವುದು ತಡವಾಗಬಹುದು. ಡಿಕ್ಕಿಯಲ್ಲಿ ಕಂಬಳಿ, ಕೈಗವಸು, ಫೋನ್ ಚಾರ್ಜರ್ ಇಟ್ಟಿರಿ.