ಮೀನು, ಬೆಟ್ಟ ಎರಡನ್ನೂ ಹೊಡೆದುಹಾಕಿ ಕಾರ್ ಅವರನ್ನು ಓದಿದ್ದು

ನನ್ನ ಲೇಖನ ಎರಡು ಸಲ ವಾಪಸ್ ಬಂತು. ಮೂರನೇ ಸಲ ಒಪ್ಪಿಕೊಂಡರು. ನಡುವೆ ಬದಲಾದದ್ದು ನಾನು ಓದುವ ರೀತಿ ಮಾತ್ರ. "ವಿದ್ವಾಂಸರ ವಾದವನ್ನು ಪದ್ಯ ಬಿಡಿಸಿದ ಹಾಗೆ ಬಿಡಿಸ್ತೀಯಾ?" ಎಂದು ನಕ್ಕಿದ್ದ ಗೆಳೆಯರು ಇದನ್ನು ಓದಲಿ ಅಂತಲೇ ಬರೆಯುತ್ತಿದ್ದೇನೆ.

ಕೈಗೆತ್ತಿಕೊಂಡದ್ದು ಬ್ರಿಟಿಷ್ ಇತಿಹಾಸಕಾರ ಇ. ಎಚ್. ಕಾರ್ ಅವರು ‘ಇತಿಹಾಸ ಎಂದರೇನು’ ಎಂದು 1961ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಕೊಟ್ಟ ಆರು ಉಪನ್ಯಾಸಗಳಲ್ಲಿ ಮೊದಲನೆಯದು. ಓದುಗನನ್ನು ಒಪ್ಪಿಸುವುದು ಯಾವುದು ಅಂತ ನೋಡಲು ಮೊದಲು ನಾನೂ ತರ್ಕ, ಭಾವ, ಮಾತಾಡುವವರ ವರ್ಚಸ್ಸು ಎಂದು ಮೂರು ಕಾಲಂ ಹಾಕಿದೆ. ಎರಡು ವಾರ ಹಾಳಾಯಿತು. ಹತ್ತರಲ್ಲಿ ಎಂಟು ಸಾಲು ತರ್ಕದ ಕಾಲಂಗೇ ಹೋಗಿ ಕೂತವು. ಆಮೇಲೆ ಪದ ಎಣಿಸುವ ಒಂದು ಸಾಫ್ಟ್‌ವೇರ್‌ಗೆ ವರ್ಷದ ಚಂದಾ ಕಟ್ಟಿದೆ. ‘ನಾವು’ ಎಷ್ಟು ಸಲ ಬಂತು ಅಂತ ಅದು ಹೇಳಿತು. ಆ ‘ನಾವು’ ಒಳಗೆ ಯಾರ್‍ಯಾರಿದ್ದಾರೆ ಅಂತ ಹೇಳಲಿಲ್ಲ. ಆ ದುಡ್ಡು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಕೊನೆಗೆ, ಉಪಮೆ ಇಲ್ಲದೆ ವಾದ ನಿಲ್ಲುತ್ತದೆಯೇ ನೋಡೋಣ ಅಂತ, ಪೆನ್ಸಿಲ್ ಹಿಡಿದು ಉಪಮೆಗಳನ್ನೆಲ್ಲ ಹೊಡೆದುಹಾಕಿದೆ. ಉಳಿದದ್ದನ್ನು ಮಾತ್ರ ಓದಿದೆ. ಸುಮಾರು ಹನ್ನೊಂದು ಗಂಟೆಯ ಕೆಲಸ. ಪುಟಗಳು ಎಷ್ಟು ಗಲೀಜಾದವು ಅಂದರೆ ಇನ್ನೊಂದು ಪ್ರತಿ ಕೊಳ್ಳಬೇಕಾಯಿತು.

ಮೀನಿನ ಮಾತು ನೋಡಿ. ಸಂಗತಿಗಳು ಅಂಗಡಿಯ ಹಲಗೆಯ ಮೇಲಿಟ್ಟ ಮೀನಲ್ಲ, ಸಮುದ್ರದಲ್ಲಿ ಈಜುವ ಮೀನು ಅನ್ನುತ್ತಾರೆ ಕಾರ್. ಏನು ಸಿಗುತ್ತದೆ ಅನ್ನುವುದರಲ್ಲಿ ಅದೃಷ್ಟ ಸ್ವಲ್ಪ. ಎಲ್ಲಿ, ಯಾವ ಗಾಳ ಹಾಕಿದಿರಿ ಅನ್ನುವುದೇ ಜಾಸ್ತಿ. ಇದರ ಬೆನ್ನಿಗೇ, ಇತಿಹಾಸಕಾರನಿಗೆ ಬೇಕಾದಂಥ ಸಂಗತಿಯೇ ಬಹುಮಟ್ಟಿಗೆ ಸಿಗುತ್ತದೆ ಎಂಬ ಮಾತು ಬರುತ್ತದೆ. ಮೀನು ತೆಗೆದು ಓದಿ. ಆ ಜಾಗದಲ್ಲಿ ಆ ಮಾತನ್ನು ಹೊತ್ತು ನಿಲ್ಲಿಸಲು ಬೇರೇನೂ ಇಲ್ಲ!

ಸ್ಟ್ರೆಸೆಮನ್ ಕಾಗದಗಳ ಕಥೆಗೆ ಬಂದಾಗ ಪೆನ್ಸಿಲ್‌ಗೆ ಕೆಲಸವೇ ಸಿಗಲಿಲ್ಲ. ಈ ಜರ್ಮನ್ ಮಂತ್ರಿ 1929ರಲ್ಲಿ ತೀರಿಕೊಂಡಾಗ 300 ಪೆಟ್ಟಿಗೆ ಕಾಗದ ಬಿಟ್ಟುಹೋಗಿದ್ದರು. ಕಾರ್ಯದರ್ಶಿ ಬರ್ನ್‌ಹಾರ್ಡ್ ಅದನ್ನು ಮೂರು ಸಂಪುಟಕ್ಕೆ ಇಳಿಸಿದರು. ಪಶ್ಚಿಮದ ಜೊತೆಗಿನ ರಾಜತಂತ್ರದಲ್ಲಿ ಗೆಲುವಿತ್ತು, ಅದು ಮುಂದೆ ಬಂತು. ಸೋವಿಯತ್ ಜೊತೆಗಿನ ವ್ಯವಹಾರ ಹಿಂದೆ ಸರಿಯಿತು. ಇಂಗ್ಲಿಷ್ ಅನುವಾದದಲ್ಲಿ ಇನ್ನೂ ಮೂರನೇ ಒಂದು ಪಾಲು ಹೋಯಿತು. ಇಷ್ಟಾದ ಮೇಲೆ ಕಾರ್ ಮೂಲ ಕಾಗದಕ್ಕೇ ಕೈ ಹಾಕುತ್ತಾರೆ: ಅದರಲ್ಲಿದ್ದದ್ದೂ ಸ್ಟ್ರೆಸೆಮನ್‌ಗೆ ಕಂಡಂಥ ಮಾತುಕತೆಯೇ. ‘ದಾಖಲೆಯನ್ನು ಪೂಜಿಸಬೇಡಿ’ ಎಂದು ಬೈದಿದ್ದರೆ ಓದುಗ ತಿರುಗಿಬೀಳುತ್ತಿದ್ದ. ಇಲ್ಲಿ ಜರಡಿಯ ಮೇಲೆ ಜರಡಿ ಬರುವಾಗ ಓದುಗ ತಾನೇ ಹೂಂ ಅನ್ನುತ್ತಾ ಹೋಗುತ್ತಾನೆ.

ಆರಂಭವೂ ಚಾಲಾಕಿಯದೇ. ಇತಿಹಾಸದ ಕೊನೆಯ ಮಾತನ್ನು ಒಂದು ದಿನ ಬರೆಯಬಹುದು ಎಂಬ ಇತಿಹಾಸಕಾರ ಆಕ್ಟನ್ ಅವರ 1896ರ ಭರವಸೆ ಒಂದು ಕಡೆ, ಅಂಥ ಕೊನೆಯ ಮಾತೇ ಇಲ್ಲವೇನೋ ಎಂಬ ಇತಿಹಾಸಕಾರ ಜಾರ್ಜ್ ಕ್ಲಾರ್ಕ್ ಅವರ 1957ರ ಅನುಮಾನ ಇನ್ನೊಂದು ಕಡೆ. ಎರಡೂ ಕೇಂಬ್ರಿಡ್ಜ್ ಮನೆಯ ಮಾತೇ. ನಡುವಿನ ಜಾಗ ತಾನಾಗಿಯೇ ಕಾರ್ ಪಾಲಿಗೆ ಉಳಿಯುತ್ತದೆ.

ಸುಮ್ನೆ ಕುತೂಹಲಕ್ಕೆ ಇದೇ ಪೆನ್ಸಿಲ್ ಹಿಡಿದು ಇತಿಹಾಸಕಾರ ಎಲ್ಟನ್ 1967ರಲ್ಲಿ ಕಾರ್‌ಗೆ ಕೊಟ್ಟ ಉತ್ತರಕ್ಕೂ ಹೋದೆ. ಅರ್ಧಕ್ಕರ್ಧ ಸೋತೆ. ಅಲ್ಲಿ ಓದುಗನನ್ನು ಎಳೆಯುವುದು ಉಪಮೆಗಿಂತ ಕಸುಬಿನ ಗತ್ತು: ತರಬೇತಿ ಪಡೆದವನಿಗೆ ಇದೆಲ್ಲ ಗೊತ್ತಿರುತ್ತದೆ ಎಂಬ ದನಿ. ಕಾರ್ ಪಠ್ಯವನ್ನು ಗಟ್ಟಿಯಾಗಿಯೂ ಓದಿ ನೋಡಿದೆ, ಉಪನ್ಯಾಸ ಅಲ್ವಾ. ಎಲ್ಲಿ ಸಭೆ ನಕ್ಕಿರಬಹುದು ಎಂಬ ಅಂದಾಜು ಸಿಕ್ಕಿತು, ಬೇರೇನಿಲ್ಲ.

ಎದುರಾಳಿಗೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುವ ಜಾಗ ಹಿಡಿಯಲು ನನ್ನ ಹತ್ತಿರ ಬೇರೊಂದು ಗುರುತಿದೆ. ಅದು ಮುಂದಿನ ಲೇಖನದ ಬಂಡವಾಳ, ಇಲ್ಲಿ ಬಿಚ್ಚುವುದಿಲ್ಲ.

ಬೆಟ್ಟದ ಕಥೆ ಮಾತ್ರ ಹೇಳಿಬಿಡುತ್ತೇನೆ. ಬೇರೆ ಬೇರೆ ಕಡೆಯಿಂದ ಬೇರೆ ಬೇರೆಯಾಗಿ ಕಂಡರೂ ಬೆಟ್ಟಕ್ಕೆ ಆಕಾರವೇ ಇಲ್ಲ ಎಂದಾಗುವುದಿಲ್ಲ ಅನ್ನುತ್ತಾರೆ ಕಾರ್. ಹಾಗಾಗಿ ಒಂದು ವ್ಯಾಖ್ಯಾನ ಇನ್ನೊಂದರಷ್ಟೇ ಸರಿ ಎಂದೂ ಆಗುವುದಿಲ್ಲ. ಬೆಟ್ಟ ಹೊಡೆದುಹಾಕಿದೆ. ಎರಡನೇ ವಾಕ್ಯ ಒಂಟಿಯಾಗಿ ನಿಂತಿತು. ಅದು ಸರಿ ಎಂದು ನನಗೂ ಅನಿಸುತ್ತದೆ. ಆದರೆ ಹಾಗನಿಸುವುದು ವಾದದಿಂದಲೋ ಬೆಟ್ಟದಿಂದಲೋ? ಮೂರನೇ ಸಲ ಲೇಖನ ಒಪ್ಪಿದವರು ಮೆಚ್ಚಿ ಗುರುತು ಹಾಕಿದ್ದು ಇದೇ ಪ್ಯಾರಾಕ್ಕೆ.