ನನ್ನ ಅನುಭವ: ಪಾತ್ರೆ ತೊಳೆಯುತ್ತಾ ಮಿಷನರಿ ಶಾಲೆಗೆ ಒಗ್ಗಿಕೊಂಡೆ

ಹೊರದೇಶದ ಮಿಷನರಿ ಶಾಲೆಗೆ ಎರಡನೇ ಸಲ ಹೊರಟಾಗ ನಮ್ಮ ಚರ್ಚ್ ಸಭೆಯಲ್ಲಿ ಯಾರೂ ನಂಬಿರಲಿಲ್ಲ. ಮೊದಲ ಸಲ ಐದನೇ ವಾರಕ್ಕೇ ಗಂಟುಮೂಟೆ ಕಟ್ಟಿಕೊಂಡು ವಾಪಸ್ ಬಂದವರನ್ನು ಯಾರು ತಾನೇ ನಂಬುತ್ತಾರೆ? ಹಿರಿಯರೊಬ್ಬರು "ನಿನಗೆ ದೇವರ ಕರೆ ಇಲ್ಲವೇನಪ್ಪಾ" ಅಂತ ಮುಖಕ್ಕೇ ಹೇಳಿದರು. ಪಾಸ್ಟರ್ "ಪ್ರಾರ್ಥನೆ ಮಾಡೋಣ" ಅಂದು ಸುಮ್ಮನಾದರು. ಪಾಸ್ಟರ್ ಹಾಗಂದರೆ ಅರ್ಥ ಏನು ಅಂತ ನಮಗೆಲ್ಲ ಗೊತ್ತೇ ಇದೆ ಅಲ್ವಾ. ಈ ಸಲ ಪೂರ್ತಿ ಮುಗಿಸಿದೆ. 12 ವಾರ ಪಾಠ, ಸುಮಾರು 10 ವಾರ ಔಟ್‌ರೀಚ್ (ಅಂದರೆ ಹೊರಗೆ ಜನರ ನಡುವೆ ಹೋಗಿ ಮಾಡುವ ಸೇವೆ), ಒಂದು ದಿನವೂ ಬಿಡಲಿಲ್ಲ. ಹಾಗಾಗಿ ಬರೆಯುವ ಹಕ್ಕು ಇದೆ ಅಂದುಕೊಂಡಿದ್ದೇನೆ.

ಮೊದಲು ದುಡ್ಡಿನ ವಿಷಯ. ಮೊದಲ ಸಲ ನಾನು ಸೋತದ್ದು ಅರ್ಧ ಮನೆ ನೆನಪಿಗೆ, ಅರ್ಧ ದುಡ್ಡಿಗೆ. ಒಬ್ಬರೇ ದೊಡ್ಡ ದಾನಿ ಖರ್ಚಿನ ಮುಕ್ಕಾಲು ಪಾಲು ಕೊಡುತ್ತೇನೆ ಅಂದಿದ್ದರು, ಮೊದಲ ಕಂತು ಬಂತು, ಆಮೇಲೆ ಅವರ ವ್ಯಾಪಾರ ಬಿತ್ತು, ಅವರನ್ನು ಕೇಳುವುದಕ್ಕೂ ನಾಚಿಕೆ, ಶಾಲೆಯ ಲೆಕ್ಕ ನೋಡುವವರ ಎದುರು ನಿಲ್ಲುವುದಕ್ಕೂ ನಾಚಿಕೆ. ಎರಡನೇ ಸಲ ಹಡ್ಸನ್ ಟೇಲರ್ ಆಗಲು ಹೊರಟೆ. 1865ರಲ್ಲಿ ಚೀನಾ ಇನ್‌ಲ್ಯಾಂಡ್ ಮಿಷನ್ ಕಟ್ಟಿದಾಗ ಅವರು ಯಾರ ಹತ್ತಿರವೂ ಕೈ ಚಾಚುವುದಿಲ್ಲ, ದೇವರಿಗೆ ಮಾತ್ರ ಹೇಳುತ್ತೇವೆ ಅಂತ ನಿಯಮ ಇಟ್ಟುಕೊಂಡಿದ್ದರು. ಎರಡು ತಿಂಗಳು ನಾನೂ ಬಾಯಿ ಬಿಡಲಿಲ್ಲ. ಮೂರೇ ಜನ ಕೊಟ್ಟರು, ಅದರಲ್ಲಿ ಒಬ್ಬರು ನನ್ನ ಅಕ್ಕ. ನಂಬಿಕೆ ಸಾಲದು ಅನ್ನುವವರು ಅನ್ನಲಿ.

ಆಮೇಲೆ ಪತ್ರ ಬರೆದೆ. ಕೈಯಲ್ಲೇ ಬರೆದದ್ದು, 50ಕ್ಕಿಂತ ಸ್ವಲ್ಪ ಜಾಸ್ತಿ. ಹತ್ತೊಂಬತ್ತೋ ಇಪ್ಪತ್ತೋ ಉತ್ತರ ಬಂತು, 14 ಜನ ತಿಂಗಳು ತಿಂಗಳು ಕೊಡಲು ಒಪ್ಪಿದರು. ಎಲ್ಲವೂ ಚಿಕ್ಕ ಮೊತ್ತ. ಇಬ್ಬರು ನಡುವೆ ನಿಲ್ಲಿಸಿದರು, ಆದರೂ ನಾನು ಬೀಳಲಿಲ್ಲ, ಯಾಕೆಂದರೆ ಉಳಿದ 12 ಜನ ಇದ್ದರು. ಪತ್ರದ ಮೊದಲ ಸಾಲಿನಲ್ಲಿ ಏನಿತ್ತು ಅಂತ ಮಾತ್ರ ಕೇಳಬೇಡಿ, ಆ ಸಾಲಿನ ಮೇಲೆ ನಾನು ಇನ್ನೂ ಒಂದೆರಡು ವರ್ಷ ಬದುಕಬೇಕಿದೆ. ದುಡ್ಡನ್ನು ಬೇರೆ ಬೇರೆಯಾಗಿ ಕಳಿಸಿಕೊಳ್ಳಬೇಡಿ, ಪ್ರತಿ ಸಲ ಬ್ಯಾಂಕ್ ಕಮಿಷನ್ ಕಚ್ಚುತ್ತದೆ. ನನ್ನ ಅಕ್ಕನೇ ಎಲ್ಲರಿಂದ ಸೇರಿಸಿ ಎರಡು ತಿಂಗಳಿಗೊಮ್ಮೆ ಕಳಿಸುತ್ತಿದ್ದಳು.

ಇನ್ನೊಂದು ಮಾತು. ಫೀಸು ಅಂತ ಹೇಳುವುದು ಪೂರ್ತಿ ಖರ್ಚಲ್ಲ. ನನ್ನ ಲೆಕ್ಕದಲ್ಲಿ ನೂರಕ್ಕೆ 55ರಷ್ಟು ಫೀಸು, 25 ಔಟ್‌ರೀಚ್, ಉಳಿದ 20 ಇನ್ಶೂರೆನ್ಸು, ಲಸಿಕೆ, ವೀಸಾ, ಬಸ್ಸು, ಸೋಪು. ಔಟ್‌ರೀಚ್ ದುಡ್ಡನ್ನು ಎಂಟನೇ ವಾರಕ್ಕೇ ಕೇಳುತ್ತಾರೆ. ಬೈಬಲಿನ ಪೌಲನು ಗುಡಾರ ಮಾಡಿ ದುಡಿದ ಹಾಗೆ ನಾನೂ ಸಂಜೆ ಏನಾದರೂ ದುಡಿಯುತ್ತೇನೆ ಅಂದುಕೊಂಡಿದ್ದೆ. ಪೌಲನಿಗೆ ವಿದ್ಯಾರ್ಥಿ ವೀಸಾ ಇರಲಿಲ್ಲ. ನನ್ನದರಲ್ಲಿ ಕೆಲಸ ಮಾಡುವಂತಿಲ್ಲ ಅಂತ ದಪ್ಪ ಅಕ್ಷರದಲ್ಲಿತ್ತು.

ಈಗ ಒಗ್ಗಿಕೊಂಡ ಕಥೆ. ವಿದ್ಯಾರ್ಥಿಗಳೇ ಶಾಲೆಯ ಕೆಲಸ ಹಂಚಿಕೊಂಡು ಮಾಡುವ ವರ್ಕ್ ಡ್ಯೂಟಿ ನಮ್ಮಲ್ಲಿ ವಾರಕ್ಕೆ ಸುಮಾರು 10 ಗಂಟೆ. ಮೊದಲ ಸಲ ಜಾಣತನ ಮಾಡಿ ಆಫೀಸ್ ಕೆಲಸ ತೆಗೆದುಕೊಂಡಿದ್ದೆ. ಕಂಪ್ಯೂಟರ್ ಮುಂದೆ ಒಬ್ಬನೇ. ಐದು ವಾರದಲ್ಲಿ ಅಲ್ಲಿನ ಭಾಷೆಯಲ್ಲಿ ನಮಸ್ಕಾರ, ಧನ್ಯವಾದ ಬಿಟ್ಟು ಏನೂ ಬರಲಿಲ್ಲ, ರಾತ್ರಿ ಒಂದು ಗಂಟೆ ಮನೆಗೆ ಫೋನು, ಫೋನಿಟ್ಟ ಮೇಲೆ ಅಳು. ಎರಡನೇ ಸಲ ನಾನೇ ಹೋಗಿ ದೊಡ್ಡ ಪಾತ್ರೆ ತೊಳೆಯುವ ಕೆಲಸ ಕೇಳಿದೆ. ನಮ್ಮ ಗುಂಪಿನ ಲೀಡರ್‌ಗೆ ಇಷ್ಟವಾಗಲಿಲ್ಲ. "ಸುಸ್ತಾಗುತ್ತೀರಿ, ಆ ಹೊತ್ತಲ್ಲಿ ಭಾಷೆಯ ಕ್ಲಾಸಿಗೆ ಓದಿಕೊಳ್ಳಿ" ಅಂದರು. ರೂಮಿನ ಐದು ಜನರೂ ನಕ್ಕರು.

ನನ್ನ ಲೆಕ್ಕ ಬೇರೆ ಇತ್ತು. ಅಡುಗೆಮನೆಯಲ್ಲಿ ದಿನಾ ಅದೇ ಮೂವತ್ತು ನಲವತ್ತು ಮಾತು. ಎತ್ತು, ಇಡು, ಬಿಸಿ ಇದೆ, ಎಲ್ಲಿ ಹೋಯ್ತು, ಇನ್ನೂ ಆಗಿಲ್ವಾ. ಕೈ ಕೆಲಸದಲ್ಲಿರುವಾಗ ತಪ್ಪು ಮಾತಾಡಲು ನಾಚಿಕೆಯೂ ಕಡಿಮೆ. ಕ್ಲಾಸಿನ ಟೀಚರ್ ಪ್ರೀತಿಯಿಂದ ನಮ್ಮ ತಪ್ಪಿಗೂ ಭೇಷ್ ಅನ್ನುತ್ತಿದ್ದರು, ಅಡುಗೆಯವರಿಗೆ ಆ ಪ್ರೀತಿ ಇರಲಿಲ್ಲ. ತಪ್ಪು ಹೇಳಿದರೆ ತಪ್ಪು ಪಾತ್ರೆ ಕೈಗೆ ಬರುತ್ತಿತ್ತು, ಅಷ್ಟೇ. ಮೂರನೇ ವಾರಕ್ಕೆ 200 ಪದ ಬಂದಿರಬೇಕು. ಏಳನೇ ವಾರ ನಾನೊಂದು ಜೋಕ್ ಹೇಳಿದೆ, ಅಡುಗೆಯವರು ನಕ್ಕರು. ಆ ರಾತ್ರಿ ಮನೆಗೆ ಫೋನ್ ಮಾಡಬೇಕು ಅಂತ ಅನ್ನಿಸಲೇ ಇಲ್ಲ. ಅಷ್ಟು ಹೊತ್ತಿಗೆ ಫೋನನ್ನು ಭಾನುವಾರ 20 ನಿಮಿಷಕ್ಕೆ ಇಳಿಸಿದ್ದೆ. ಅಮ್ಮ ಮೊದಲೆರಡು ಭಾನುವಾರ ಅತ್ತರು, ಮೂರನೇ ಭಾನುವಾರ ಅವರೇ "ಸರಿ ಇಡು, ಕೆಲಸ ಇದೆ" ಅಂದರು.

ಪಕ್ಕದಲ್ಲಿ ಬೇರೆ ಪ್ರಯೋಗಗಳನ್ನೂ ಮಾಡಿದೆ. ಮಾರ್ಕನ ಸುವಾರ್ತೆಯನ್ನು ದಿನಕ್ಕೊಂದು ಅಧ್ಯಾಯದಂತೆ ಮೊದಲು ಕನ್ನಡದಲ್ಲಿ, ಆಮೇಲೆ ಅಲ್ಲಿನ ಭಾಷೆಯಲ್ಲಿ ಜೋರಾಗಿ ಓದುವುದು. 16 ಅಧ್ಯಾಯ, 16 ದಿನ, ಮತ್ತೆ ಮೊದಲಿಂದ. ಇದು ಚೆನ್ನಾಗಿ ಕೆಲಸ ಮಾಡಿತು, ಕಥೆ ಗೊತ್ತಿರುವುದರಿಂದ ಡಿಕ್ಷನರಿ ತೆಗೆಯುವುದೇ ಕಡಿಮೆ. ಬೈಬಲಿನ ಕೀರ್ತನೆಗಳನ್ನೂ ಹಾಗೇ, ದಿನಕ್ಕೆ ಐದರಂತೆ ತಿಂಗಳಿಗೆ 150 ಮುಗಿಸುತ್ತೇನೆ ಅಂತ ಹೊರಟು ನಾಲ್ಕನೇ ದಿನ ಕೈಬಿಟ್ಟೆ. ಕವಿತೆಯ ಭಾಷೆ, ನಮ್ಮ ತಾಕತ್ತಲ್ಲ. ಎರಡು ವಾರ ಕನ್ನಡವನ್ನೇ ಮುಟ್ಟಬಾರದು ಅಂತ ಒಂದು ಹುಚ್ಚು ಪ್ರಯೋಗವೂ ಆಯಿತು, ಅದರಲ್ಲಿ ಪ್ರಾರ್ಥನೆಯೇ ಒಣಗಿಹೋಯಿತು. ಬರೀ ಎತ್ತು, ಇಡು ಅಂತ ದೇವರ ಹತ್ತಿರ ಎಷ್ಟು ಮಾತಾಡಲಿ? ಆಮೇಲೆ ಕನ್ನಡದಲ್ಲಿ ಗಟ್ಟಿಯಾಗಿ ಪ್ರಾರ್ಥಿಸಲು ಜಾಗ ಹುಡುಕಿದೆ. ಆರು ಜನರ ರೂಮಿನಲ್ಲಿ ಬಾಗಿಲು ಹಾಕಿಕೊಳ್ಳುವುದು ಎಲ್ಲಿಂದ ಬಂತು! ಬಟ್ಟೆ ಒಗೆಯುವ ಕೋಣೆ ಸಿಕ್ಕಿತು. ಮೆಷಿನ್ ತಿರುಗುವ ಸದ್ದಿನಲ್ಲಿ ಎಷ್ಟು ಅತ್ತರೂ ಹಾಡಿದರೂ ಹೊರಗೆ ಕೇಳಿಸುವುದಿಲ್ಲ. ಯಾವ ದಿನ ಎಷ್ಟು ಗಂಟೆಗೆ ಅದು ಖಾಲಿ ಇರುತ್ತದೆ ಅನ್ನುವುದನ್ನು ರೂಮಿನವರಿಗೂ ಹೇಳಿರಲಿಲ್ಲ, ಇಲ್ಲೂ ಹೇಳಲ್ಲ.

ಕಿಟೆಲ್ ಅವರನ್ನು ಆಗಾಗ ನೆನೆಯುತ್ತಿದ್ದೆ. ಬಾಸೆಲ್‌ನಲ್ಲಿ ತರಬೇತಿ ಮುಗಿಸಿ 1853ರಲ್ಲಿ ಬಂದವರು, ಅವರ ಕನ್ನಡ ನಿಘಂಟು ಅಚ್ಚಾದದ್ದು 1894ರಲ್ಲಿ. ನಡುವೆ 41 ವರ್ಷ. ಅವರು ಬಂದ ಮೊದಲ ತಿಂಗಳು ಯಾರ ಹತ್ತಿರ ಯಾವ ತಪ್ಪು ಕನ್ನಡ ಮಾತಾಡಿರಬಹುದು ಅಂತ ಪಾತ್ರೆ ಉಜ್ಜುತ್ತಾ ಯೋಚಿಸಿದರೆ ನನಗೆ ನಗು ಬರುತ್ತಿತ್ತು, ಸಮಾಧಾನವೂ ಆಗುತ್ತಿತ್ತು.

ಒಂದು ತೊಂದರೆ ಮಾತ್ರ ಉಳಿಯಿತು. ಔಟ್‌ರೀಚ್‌ನಲ್ಲಿ ಒಂದು ಹಳ್ಳಿಯ ಸಭೆಯಲ್ಲಿ ಸಾಕ್ಷಿ (ಅಂದರೆ ನನ್ನ ನಂಬಿಕೆಯ ಅನುಭವ) ಹೇಳಲು ನಿಲ್ಲಿಸಿದರು, ದುಭಾಷಿ ಬೇಡ ಅಂತ ನಾನೇ ಜಂಬ ಕೊಚ್ಚಿದ್ದೆ. ಹತ್ತು ನಿಮಿಷ ಮಾತಾಡಿದೆ. ಜನ ಒಬ್ಬರನ್ನೊಬ್ಬರು ನೋಡಿ ಬಾಯಿಗೆ ಕೈ ಇಟ್ಟುಕೊಂಡು ನಗುತ್ತಿದ್ದರು. ಆಮೇಲೆ ಗೊತ್ತಾಯಿತು, ನನಗೆ ಬರುತ್ತಿದ್ದುದೆಲ್ಲ ಅಡುಗೆಯವರ ಭಾಷೆ, ಎಲ್ಲವೂ ಆಜ್ಞೆಯೇ. ವಯಸ್ಸಾದ ಅಜ್ಜಂದಿರಿಗೆ "ಏಯ್, ಬೇಗ ಕಣ್ಣು ಮುಚ್ಚು" ಅಂದುಬಿಟ್ಟಿದ್ದೆ. ಮುಚ್ಚಿದರು ಪಾಪ.

ಆಮೇಲೆ ಗೌರವದ ರೂಪ ಕಲಿಯಲು ಮೂರು ವಾರ ಹಿಡಿಯಿತು, ಅಲ್ಲಿನ ಅಜ್ಜಿಯೊಬ್ಬರು ತಿದ್ದಿ ತಿದ್ದಿ ಕಲಿಸಿದರು. ಹೋಗುವವರು ರಬ್ಬರ್ ಗ್ಲೌಸ್ ಎರಡು ಜೊತೆ ಒಯ್ಯಿರಿ. ನನ್ನದು ಮೂರನೇ ವಾರಕ್ಕೇ ಹರಿದು, ಉಳಿದ ಒಂಬತ್ತು ವಾರ ಬರಿಗೈಯಲ್ಲೇ ತೊಳೆದೆ.